ಒಂದೂವರೆ ಕಣ್ಣು: ಆನೈಮಲೈ ತಪ್ಪಲಿನ ಒಂದು ಪದದ ಸುತ್ತ

ಮೆಳ್ಳೆಗಣ್ಣಿಗೆ ಕನ್ನಡದಲ್ಲಿ ಮಾಲುಗಣ್ಣು ಎಂಬ ಇನ್ನೊಂದು ಹೆಸರಿದೆ. ಮಾಲು ಎಂದರೆ ಓರೆ, ವಾಲಿದ್ದು. ತಮಿಳುನಾಡಿನ ಆನೈಮಲೈ ಬೆಟ್ಟದ ತಪ್ಪಲಿನ ತಮಿಳಿನಲ್ಲಿ ಅದು ಮಾರುಕಣ್; ಮಾರು ಎಂದರೆ ಬೇರೆಯಾಗು, ಬದಲಾಗು. ಎರಡೂ ಎದುರಿಗೆ ನಿಂತವರು ಇಟ್ಟ ಹೆಸರುಗಳು. ಆ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದರ ಹತ್ತಿರಕ್ಕೆ ಬರುವುದು ತಮಿಳಿನ ಒಂದು ಹಂಗಿಸುವ ಮಾತು: ಒನ್ನರೈಕ್ಕಣ್, ಅಂದರೆ ಒಂದೂವರೆ ಕಣ್ಣು. ಮಗುವಿನ ಮುಂದೆ ಆಡಬಾರದ ಮಾತು ಇದು. ಆದರೂ ನೇತ್ರವೈದ್ಯರು ಹೇಳುವ ಲೆಕ್ಕ ಇದರಲ್ಲೇ ಅಡಗಿದೆ.

ಒಂದೊಂದು ಕಣ್ಣನ್ನೂ ಆರು ಸ್ನಾಯುಗಳು ಹೊರಳಿಸುತ್ತವೆ, ಅವನ್ನು ಮೂರು ನರಗಳು ಆಳುತ್ತವೆ. ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದರೆ ಮಿದುಳಿಗೆ ಎರಡು ಬೇರೆ ಬೇರೆ ಚಿತ್ರಗಳು ತಲುಪುತ್ತವೆ. ದೊಡ್ಡವರಿಗೆ ಹೀಗಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಆರನೆಯ ನರ ಸೋತಾಗ ಆಗುವುದು ಇದೇ. ಮಗುವಿನ ಮಿದುಳು ಮಾತ್ರ ಒಂದು ಚಿತ್ರವನ್ನು ಸದ್ದಿಲ್ಲದೆ ಕೈಬಿಡುತ್ತದೆ. ನೋವಿಲ್ಲ, ದೂರೂ ಇಲ್ಲ. ಬಿಟ್ಟ ಕಣ್ಣು ನೋಡುವುದನ್ನು ಕಲಿಯದೆ ಅರ್ಧವಾಗಿಯೇ ಉಳಿಯುತ್ತದೆ; ಇದೇ ಮಂದದೃಷ್ಟಿ. ಎಳವೆಯಲ್ಲಿ ಬಳಸದ ಕಣ್ಣಿಗೆ ಮಿದುಳಿನಲ್ಲಿ ಜಾಗ ಕುಗ್ಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳಲ್ಲಿ ತೋರಿಸಿಕೊಟ್ಟರು. 1981ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಈ ಮೌನದ ಮೇಲೆ ಕೂತಿರುವುದು ಒಂದು ನಂಬಿಕೆ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಕನ್ನಡದ ಮನೆಗಳಲ್ಲೂ ಹೇಳುತ್ತಾರೆ, ತಮಿಳಿನ ಮನೆಗಳಲ್ಲೂ ಹೇಳುತ್ತಾರೆ. ಹಂಗಿಸುವವರ ಬಾಯಿಂದ ಮಗುವನ್ನು ಕಾಪಾಡಲು ಹುಟ್ಟಿದ ಸಮಾಧಾನ ಇದಾಗಿರಬಹುದು ಎಂದು ನನ್ನ ಊಹೆ. ಆದ್ದರಿಂದ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಆದರೆ ಅದು ತಿನ್ನುವುದು ಚಿಕಿತ್ಸೆ ಚೆನ್ನಾಗಿ ಹತ್ತುವ ವರ್ಷಗಳನ್ನು. ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗಾಗ ಹೊರಳುವುದು ಸಹಜ. ಮೂಗಿನ ಬುಡ ಅಗಲವಿದ್ದರೆ ನೆಟ್ಟಗಿನ ಕಣ್ಣೂ ಓರೆಯೆನಿಸುತ್ತದೆ. ಆ ತಿಂಗಳುಗಳಾಚೆಯೂ ಉಳಿದ ಓರೆಯನ್ನು ವೈದ್ಯರಿಗೆ ತೋರಿಸಲೇಬೇಕು. ಪಾಪೆ ಬೆಳ್ಳಗೆ ಹೊಳೆದರಂತೂ ಒಂದು ದಿನವೂ ತಡೆಯುವಂತಿಲ್ಲ, ಅಕ್ಷಿಪಟಲದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹಾಗೆ, ಕೆಲವೊಮ್ಮೆ ಬರೀ ಮೆಳ್ಳೆಗಣ್ಣಾಗಿಯೂ.

ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ಮಗ್ಗದ ಮನೆಯಲ್ಲಿ ಈ ಅರ್ಧ ಕಣ್ಣಿನ ಬೆಲೆ ಬೇಗ ತಿಳಿಯುತ್ತದೆ. ಎರಡು ಕಣ್ಣು ಸೇರಿ ಕೊಡುವ ಆಳದ ಅರಿವು ಇಲ್ಲದವರಿಗೆ, ತುಂಡಾದ ಹಾಸಿನ ಎಳೆಯನ್ನು ಹಿಡಿದು ಕೂಡಿಸುವಾಗ ಎರಡು ತುದಿಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ತಡವರಿಸಬೇಕಾಗುತ್ತದೆ. ರೂಢಿಯಿಂದ ಕೈ ಕಲಿಯುತ್ತದೆ, ನಿಜ.

ಚಿಕಿತ್ಸೆಯೆಂದರೆ ಮೊದಲು ಕನ್ನಡಕ, ಆಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ, ಬೇಕಾದರೆ ಸ್ನಾಯುವಿನ ಶಸ್ತ್ರಕ್ರಿಯೆ. ಕೊಯಮತ್ತೂರಿನಲ್ಲಿ ಅರವಿಂದ ಕಣ್ಣಾಸ್ಪತ್ರೆ 1997ರಿಂದ ಇದೆ. ಆದರೆ ಆನೈಮಲೈ ಮೇಲಿನ ವಾಲ್ಪಾರೈ ಚಹಾ ತೋಟದ ತಾಯಿ ತಪ್ಪಲಿನ ಪೊಳ್ಳಾಚಿಗೆ ಇಳಿಯುವುದಕ್ಕೇ 64 ಕಿಲೋಮೀಟರ್, 40 ಕಡಿದಾದ ತಿರುವು. ಹೋದ ದಿನದ ಕೂಲಿಯೂ ಇಲ್ಲ. ಹೀಗಾಗಿ ಅಮೆರಿಕದ ಮಕ್ಕಳ ಕಣ್ಣುರೋಗ ಸಂಶೋಧಕರ ಬಳಗ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಬೆಟ್ಟಕ್ಕೆ ತುಂಬ ಬೇಕಾದದ್ದು: ಏಳು ವರ್ಷದೊಳಗಿನ, ಮಧ್ಯಮ ಮಟ್ಟದ ಮಂದದೃಷ್ಟಿಯ ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯದರಷ್ಟೇ ಗುಣ ಕೊಟ್ಟಿತು. ಶಾಲೆಯಲ್ಲಿ ಪಟ್ಟಿ ಕಟ್ಟಿಕೊಂಡು ಹಂಗಿಸಿಕೊಳ್ಳಬೇಕಿಲ್ಲ. ಸಂಜೆ ಮನೆಗೆ ಬಂದ ಮೇಲೆ, ಓದುತ್ತಲೋ ಚಿತ್ರ ಬರೆಯುತ್ತಲೋ ಕಟ್ಟಿಕೊಂಡರಾಯಿತು. ತಡವಾಗಿ ಬೆಟ್ಟ ಇಳಿದು ಬಂದವರಿಗೂ ಅದೇ ಬಳಗದ 2005ರ ಅಧ್ಯಯನದಲ್ಲಿ ಉತ್ತರವಿದೆ. 7ರಿಂದ 12 ವರ್ಷದವರಲ್ಲಿ ಕನ್ನಡಕವೊಂದರಿಂದಲೇ ದೃಷ್ಟಿ ಸುಧಾರಿಸಿದವರು ಶೇಕಡ 25; ಜೊತೆಗೆ ಪಟ್ಟಿ ಮತ್ತು ಒಳ್ಳೆಯ ಕಣ್ಣನ್ನು ಮಸುಕಾಗಿಸುವ ಅಟ್ರೋಪಿನ್ ಹನಿ ಸೇರಿದಾಗ ಶೇಕಡ 53.