ಮಂಡ್ಯ ಸೀಮೆಯ ಜ್ವರದ ಲೆಕ್ಕಗಳೂ ರೋಗಾಣು ಪರೀಕ್ಷೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸಾಮಾಜಿಕ ಇತಿಹಾಸವನ್ನು ಬರೆಯಹೊರಟವರಿಗೆ ಜನನ ಮರಣಗಳ ಹಳೆಯ ಲೆಕ್ಕಗಳು ಮುಖ್ಯವಾದ ಆಧಾರಗಳು. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಲೆಕ್ಕಕ್ಕೆ ಮೂಲವಾಗಿದ್ದವರು ಹಳ್ಳಿಯ ಅಧಿಕಾರಿಗಳೇ ಹೊರತು ವೈದ್ಯರಲ್ಲ. ಕಾಲರಾ, ಸಿಡುಬು, ಪ್ಲೇಗುಗಳಿಗೆ ಪ್ರತ್ಯೇಕ ಕಲಮುಗಳಿದ್ದವು. ಉಳಿದ ಬಹುಪಾಲು ಸಾವುಗಳು ‘ಜ್ವರ’ ಎಂಬ ಒಂದೇ ಕಲಮಿಗೆ ಸೇರುತ್ತಿದ್ದವು. ಈ ಕಲಮನ್ನು ಇತಿಹಾಸಕಾರನು ಹೇಗೆ ಓದಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ರೋಗದ ಹೆಸರು ಕೇವಲ ಲೆಕ್ಕದ ಮಾತಲ್ಲವೆಂಬುದು ಪ್ಲೇಗಿನ ಕಾಲದಲ್ಲಿ ಸ್ಪಷ್ಟವಾಯಿತು. ಈ ರೋಗದ ಅಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಮಂಡ್ಯ, ಮಳವಳ್ಳಿಗಳ ಶಾಸನಗಳನ್ನೊಳಗೊಂಡ ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ ಪ್ರಕಟವಾದದ್ದೂ ಅದೇ ವರ್ಷ. ನಾಲ್ಕು ವರ್ಷಗಳ ತರುವಾಯ, 1898ರ ಆಗಸ್ಟಿನಲ್ಲಿ, ಪ್ಲೇಗು ಬೆಂಗಳೂರಿನಲ್ಲಿ ಕಾಣಿಸಿಕೊಂಡು ಮೈಸೂರಿನ ಕಡೆಗೂ ಹಬ್ಬಿತು. ಈ ಎರಡು ನಗರಗಳ ನಡುವಣ ರೈಲುಹಾದಿಯ ಮೇಲೆ ಮದ್ದೂರು, ಮಂಡ್ಯಗಳಿದ್ದವು. ಕಂಕುಳಲ್ಲಿಯೋ ತೊಡೆಯ ಸಂದಿನಲ್ಲಿಯೋ ಗೆಡ್ಡೆ ಕಂಡರೆ ಸಾಕು, ರೋಗಿಯನ್ನು ಮನೆಯಿಂದ ಬೇರ್ಪಡಿಸುವ ಏರ್ಪಾಟಾಗುತ್ತಿತ್ತು. ಆದರೆ ಗೆಡ್ಡೆ ಬೇರೆ ಕಾರಣಗಳಿಂದಲೂ ಏಳಬಹುದು. ಅದರ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಣುಗಳನ್ನು ಬೆಳೆಸಿ ಪರೀಕ್ಷಿಸಿದರಲ್ಲದೆ ನಿಶ್ಚಯ ಸಾಧ್ಯವಿರಲಿಲ್ಲ. ಆ ಸೌಕರ್ಯ ಹಳ್ಳಿಗಳಿಗೆ ದೂರ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗು ನಿಯಮಗಳ ವಿರುದ್ಧ ಜನರು ದಂಗೆಯೆದ್ದುದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ನಮಗೆ ಸರಿತೋರುವುದಿಲ್ಲ.

ನಾಲೆಯ ಕಾಲಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚುತ್ತದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಒಣಸೀಮೆ ಭತ್ತ, ಕಬ್ಬುಗಳ ನಾಡಾಯಿತು, ಮಲೇರಿಯವೂ ಹಬ್ಬಿತು. ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಧ್ಯಯನ ನಡೆಯಿತು. ಇದರಿಂದ ಆ ಕಾಲದ ಜ್ವರವೆಲ್ಲವೂ ಮಲೇರಿಯವೇ ಎಂದು ಭಾವಿಸುವುದು ಸುಲಭ. ಆದರೆ ಮಲೇರಿಯದ ಕಾರಣ ರಕ್ತದಲ್ಲಿರುವ ಪರೋಪಜೀವಿ, ಬ್ಯಾಕ್ಟೀರಿಯವಲ್ಲ. ವಿಷಮಶೀತಜ್ವರ, ಕ್ಷಯ, ನ್ಯುಮೋನಿಯಗಳಿಗೆ ಕಾರಣ ಬೇರೆ ಬೇರೆ ಬ್ಯಾಕ್ಟೀರಿಯಗಳು. ನಿಂತ ನೀರಿನಲ್ಲಿ ಸೊಳ್ಳೆ ಬೆಳೆದಂತೆಯೇ, ಮಲಿನವಾದ ಕುಡಿಯುವ ನೀರಿನಿಂದ ವಿಷಮಶೀತಜ್ವರವೂ ಹರಡುತ್ತದೆ. ಪರೀಕ್ಷೆಯಿಲ್ಲದ ಲೆಕ್ಕದಲ್ಲಿ ಇವೆಲ್ಲ ಒಂದೇ ‘ಜ್ವರ’.

ಇವುಗಳನ್ನು ಬೇರ್ಪಡಿಸುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಯೂ ಅರಿಯುವುದು ಉಚಿತ. ಔಷಧ ಕೊಡುವ ಮೊದಲೇ ರೋಗಿಯ ರಕ್ತವನ್ನು ಪೋಷಕದ್ರವವುಳ್ಳ ಸೀಸೆಗೆ ಹಾಕಿ, ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡುತ್ತಾರೆ. ಬೆಳೆದ ಅಣುಗಳಿಗೆ, ಗ್ರಾಮ್ ಎಂಬ ವಿಜ್ಞಾನಿ 1884ರಲ್ಲಿ ಪ್ರಕಟಿಸಿದ ವಿಧಾನದಂತೆ, ಬಣ್ಣ ಕಟ್ಟುತ್ತಾರೆ. ನೇರಿಳೆ ಬಣ್ಣವನ್ನು ಉಳಿಸಿಕೊಂಡವು ಒಂದು ಗುಂಪು. ಅದನ್ನು ಬಿಟ್ಟು ಕೆಂಪು ಛಾಯೆ ತಳೆದವು ಇನ್ನೊಂದು. ವಿಷಮಶೀತಜ್ವರದ ಅಣು ಎರಡನೆಯ ಗುಂಪಿನದು. ಅದು ಹಾಲಿನ ಸಕ್ಕರೆಯನ್ನು ಹುಳಿಸದ ಕಾರಣ ಮ್ಯಾಕಾಂಕಿ ಅಗರಿನ ಮೇಲೆ ಬಣ್ಣಗೆಟ್ಟ ಚುಕ್ಕೆಗಳಾಗಿ ಬೆಳೆಯುತ್ತದೆ. ಇಷ್ಟರಿಂದಲೇ ತೀರ್ಮಾನವಿಲ್ಲ, ರಾಸಾಯನಿಕ ಹಾಗೂ ರಕ್ತರಸದ ಪರೀಕ್ಷೆಗಳು ಅದನ್ನು ದೃಢಪಡಿಸಬೇಕು. ಬಳಿಕ ಯಾವ ಔಷಧಕ್ಕೆ ಅದು ಬಗ್ಗುವುದೆಂದು ನೋಡುತ್ತಾರೆ. ಇದಕ್ಕೆಲ್ಲ ಕೆಲವು ದಿನಗಳು ಬೇಕು. 1896ರಿಂದ ಬಳಕೆಯಲ್ಲಿರುವ ವಿಡಾಲ್ ಪರೀಕ್ಷೆ ಬೇಗ ಮುಗಿಯುತ್ತದೆ; ಆದರೆ ಅದು ತೋರಿಸುವುದು ಅಣುವನ್ನಲ್ಲ, ದೇಹದ ಪ್ರತಿಕ್ರಿಯೆಯನ್ನು. ಹಿಂದೆ ಬಂದುಹೋದ ಸೋಂಕಿನ ಗುರುತೂ ಅದರಲ್ಲಿ ಕಾಣಬಹುದು. ಒಂಟಿ ಸಾಕ್ಷ್ಯವನ್ನು ನಂಬಬಾರದೆಂಬ ನಮ್ಮ ಶಾಸ್ತ್ರದ ನಿಯಮವೇ ಇಲ್ಲಿಯೂ ಸಲ್ಲುತ್ತದೆ.

ಹಾಗೆಯೇ, ಅಣು ಬೆಳೆಯಲಿಲ್ಲವೆಂದ ಮಾತ್ರಕ್ಕೆ ರೋಗವಿರಲಿಲ್ಲವೆಂದಾಗದು. ರೋಗಿ ಮೊದಲೇ ಔಷಧ ಸೇವಿಸಿದ್ದರೆ ಸೀಸೆ ಬರಿದಾಗಿಯೇ ಉಳಿಯಬಹುದು. ಶಾಸನ ದೊರೆಯದ ಊರಿಗೆ ಇತಿಹಾಸವೇ ಇಲ್ಲವೆಂದು ನಾವು ಹೇಳುವುದಿಲ್ಲವಷ್ಟೆ.

ಆದುದರಿಂದ ಹಳೆಯ ಲೆಕ್ಕದ ‘ಜ್ವರ’ವನ್ನು ರೋಗದ ಹೆಸರೆಂದಲ್ಲ, ರೋಗಲಕ್ಷಣದ ಹೆಸರೆಂದು ಓದಬೇಕೆಂಬುದು ನಮ್ಮ ಅಭಿಪ್ರಾಯ. ಆ ಸಾವುಗಳನ್ನೆಲ್ಲ ನಾಲೆಯ ಮೇಲೆ ಹೊರಿಸುವುದೂ, ನಾಲೆಯನ್ನು ಪೂರ್ಣವಾಗಿ ಬಿಡುಗಡೆ ಮಾಡುವುದೂ ಆಧಾರಕ್ಕೆ ಮೀರಿದ ಮಾತು. ಇಂದು ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೇ ಇದೆ. ಆಸ್ಪತ್ರೆಗಳ ಪ್ರಯೋಗಶಾಲೆಯ ವಹಿಗಳಲ್ಲಿ ಊರು, ದಿನಾಂಕ, ಮಾಡಿದ ಪರೀಕ್ಷೆ, ಕಂಡ ಅಣು ಇವಿಷ್ಟು ಸರಿಯಾಗಿ ದಾಖಲಾಗಿ, ರೋಗಿಗಳ ಹೆಸರನ್ನು ಗೋಪ್ಯವಾಗಿರಿಸಿ ಆ ವಹಿಗಳನ್ನು ಕಾಪಾಡಿದರೆ, ಮುಂದಿನವರಿಗೆ ಈ ಸೀಮೆಯ ಸಾವುಗಳ ಕಾರಣವನ್ನು ನಮ್ಮಂತೆ ಊಹಿಸಬೇಕಾದ ಕಷ್ಟ ಒದಗದು.