ಮಂಗಳೂರಿನಿಂದ ಭಟ್ಕಳಕ್ಕೆ ಒಂದು ದಿನದ ಬಸದಿ ದರ್ಶನ: ರೈಲು, ಬಸ್ಸು, ಕಾರು

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ಭಟ್ಕಳ ಹಳೆಯ ಬಂದರು ಪಟ್ಟಣ. ವಿಜಯನಗರದ ಕಾಲದಲ್ಲಿ ಇಲ್ಲಿ ಕುದುರೆ ಮತ್ತು ಕಾಳುಮೆಣಸಿನ ವ್ಯಾಪಾರ ಜೋರಾಗಿತ್ತು. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಜೈನ ಅರಸು ಮನೆತನಗಳು ಈ ಸೀಮೆಯನ್ನು ಆಳಿದವು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಇದೇ ಪರಂಪರೆಯವಳು. ಪಟ್ಟಣದ ಬಸದಿಗಳಲ್ಲಿ ದೊಡ್ಡದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಅಗ್ರಶಾಲೆ, ಭೋಗಮಂಟಪ ಎಂಬ ಎರಡು ಕಟ್ಟಡಗಳು ಇಲ್ಲಿ ಒಂದಕ್ಕೊಂದು ಸೇರಿಕೊಂಡಿವೆ. ಮಾನಸ್ತಂಭ ಕಟ್ಟಡದ ಹಿಂಭಾಗದಲ್ಲಿದೆ. ಈ ಬಸದಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪಾರ್ಶ್ವನಾಥ ಬಸದಿಯೂ ಊರಿನಲ್ಲೇ ಇದೆ.

ಮಂಗಳೂರಿನಿಂದ ಭಟ್ಕಳಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 140 ಕಿ.ಮೀ. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮನೆ ಸೇರುವುದು ಕಷ್ಟವೇನಲ್ಲ. ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಗಳಲ್ಲಿ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಅವರು ಮನೆ ಸೇರುವ ಹೊತ್ತನ್ನಲ್ಲ, ಸಂಜೆಯ ಊಟದ ಹೊತ್ತನ್ನು ನೋಡಿ ವಾಹನ ಗೊತ್ತುಮಾಡಬೇಕು. ಕರಾವಳಿಯಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಮುಳುಗುವುದು ಸಂಜೆ 6ರ ಆಸುಪಾಸಿನಲ್ಲಿ. ಮುಳುಗುವ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮವಿದ್ದರೆ 5 ಕಾಲಕ್ಕೆ ಕೈತೊಳೆದಿರಬೇಕು. ಜೂನ್ ಕೊನೆಯಲ್ಲಾದರೆ ಹೆಚ್ಚುಕಡಿಮೆ ಒಂದು ಗಂಟೆ ಹೆಚ್ಚು ಸಿಗುತ್ತದೆ, ಆದರೆ ಅದು ಮಳೆಗಾಲ.

ರೈಲಿನಲ್ಲಿ ಹೋಗುವವರಿಗೆ ಒಪ್ಪುವುದು ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ಜಾವ ಮಡಗಾಂವ್‌ಗೆ ಹೊರಡುವ ಪ್ಯಾಸೆಂಜರ್. ಮುಂಗಡ ಕಾದಿರಿಸುವ ಅಗತ್ಯವಿಲ್ಲ, ಟಿಕೆಟ್ ದರವೂ ಬಹಳ ಕಡಿಮೆ. ಮುಲ್ಕಿ, ಉಡುಪಿ, ಬಾರ್ಕೂರು, ಕುಂದಾಪುರ, ಬೈಂದೂರು ದಾಟಿ ಬಿಸಿಲೇರುವ ಮೊದಲೇ ಭಟ್ಕಳಕ್ಕೆ ತಲುಪಿಸುತ್ತದೆ. ಸೂರ್ಯೋದಯದ ನಂತರ ಎರಡು ಘಳಿಗೆ ಬಿಟ್ಟು ಬಾಯಿಗೆ ನೀರು ಹಾಕುವವರಿಗೆ ಉಪಾಹಾರದ ಹೊತ್ತು ಬರುವುದು ರೈಲಿನಲ್ಲಿಯೇ, ಬುತ್ತಿ ಕೈಗೆಟಕುವಂತಿರಲಿ. ನಿಲ್ದಾಣ ಪೇಟೆಯಿಂದ ದೂರವಿರುವುದರಿಂದ ಬಸದಿಗೆ ಆಟೋ ಹಿಡಿಯಬೇಕು.

ತೊಡಕಿರುವುದು ಮರಳುವಾಗ. ಇದೇ ರೈಲು ಮಡಗಾಂವ್‌ನಿಂದ ಮಧ್ಯಾಹ್ನ ಹೊರಟು ಸಂಜೆ ಭಟ್ಕಳಕ್ಕೆ ಬರುತ್ತದೆ, ಮಂಗಳೂರು ಮುಟ್ಟುವಾಗ ರಾತ್ರಿಯಾಗಿರುತ್ತದೆ. ಅಂದರೆ ಸಂಜೆಯ ಊಟವನ್ನು ನಿಲ್ದಾಣಕ್ಕೆ ಹೋಗುವ ಮೊದಲೇ, ಇಲ್ಲವೇ ಪ್ಲಾಟ್‌ಫಾರಂನಲ್ಲಿ ಕುಳಿತು ಮುಗಿಸಬೇಕು. ರೈಲು ತಡವಾದರೂ ಹೊಟ್ಟೆಯ ಚಿಂತೆ ಇರುವುದಿಲ್ಲ ಎಂಬುದೇ ಇದರ ಅನುಕೂಲ.

ಇತರ ರೈಲುಗಳನ್ನು ನಂಬುವ ಮೊದಲು ವೇಳಾಪಟ್ಟಿ ನೋಡುವುದು ಒಳ್ಳೆಯದು. ಮತ್ಸ್ಯಗಂಧ ಮಂಗಳೂರಿನಿಂದ ಹೊರಡುವುದೇ ಮಧ್ಯಾಹ್ನ, ಮುಂಬೈಯಿಂದ ಮರಳುವುದು ಬೆಳಿಗ್ಗೆ. ಒಂದು ದಿನದ ಪಯಣಕ್ಕೆ ಅದು ಒದಗದು. 2023ರ ಡಿಸೆಂಬರ್ 30ರಂದು ಆರಂಭವಾದ ಮಂಗಳೂರು–ಮಡಗಾಂವ್ ವಂದೇ ಭಾರತ್‌ಗೆ ನಡುವೆ ಕೊಟ್ಟ ನಿಲುಗಡೆಗಳು ಉಡುಪಿ ಮತ್ತು ಕಾರವಾರ ಮಾತ್ರ. ಕೇರಳದ ಕಡೆಯಿಂದ ಬರುವ ಹಲವು ರೈಲುಗಳು ಸೆಂಟ್ರಲ್‌ಗೆ ಬಾರದೆ ಮಂಗಳೂರು ಜಂಕ್ಷನ್ ಮೂಲಕ ಹೋಗುತ್ತವೆ. ಸೆಂಟ್ರಲ್‌ನಲ್ಲಿ ಕಾದು ಕುಳಿತು ರೈಲು ತಪ್ಪಿಸಿಕೊಂಡವರು ಕಡಿಮೆಯೇನಲ್ಲ. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಜಾರಿಯಲ್ಲಿದ್ದು, ರೈಲುಗಳ ವೇಗ ಇಳಿಸಲಾಗುತ್ತದೆ. ಚಾತುರ್ಮಾಸವೂ ಬಹುಮಟ್ಟಿಗೆ ಇದೇ ಕಾಲ. ಮುನಿಗಳು ಒಂದೆಡೆ ನಿಂತಿರುವಾಗ ಗೃಹಸ್ಥರೂ ತಿರುಗಾಟ ಕಡಿಮೆ ಮಾಡುವ ರೂಢಿ ಕರಾವಳಿಯ ಮಟ್ಟಿಗಂತೂ ವಿವೇಕದ್ದೇ.

ಬಸ್ಸಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಕುಮಟಾ, ಕಾರವಾರದ ಕಡೆಗೆ ಹೋಗುವ ಸರ್ಕಾರಿ ಬಸ್ಸುಗಳು ಬಿಜೈಯ ಕೆಎಸ್ಆರ್‌ಟಿಸಿ ನಿಲ್ದಾಣದಿಂದ ಹೊರಡುತ್ತವೆ. ಸ್ಟೇಟ್ ಬ್ಯಾಂಕ್ ಬಳಿಯಿಂದ ಹೊರಡುವ ಖಾಸಗಿ ಎಕ್ಸ್‌ಪ್ರೆಸ್‌ಗಳು ಉಡುಪಿ, ಕುಂದಾಪುರಕ್ಕೆ ಮೇಲಿಂದ ಮೇಲೆ ಸಿಗುತ್ತವೆ. ಮುಂದಕ್ಕೆ ಹೋಗಲು ಸಾಮಾನ್ಯವಾಗಿ ಅಲ್ಲಿ ಇಳಿದು ಬಸ್ ಬದಲಿಸಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಮಹಿಳೆಯರಿಗೆ ಸಿಗುವುದು ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೂ ಖಾಸಗಿಯವಕ್ಕೂ ಅದು ಅನ್ವಯಿಸದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಬಸ್ಸಿನ ದೊಡ್ಡ ಅನುಕೂಲ ಒಂದೇ: ಮರಳುವ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ, ಮಧ್ಯಾಹ್ನದ ಊಟ ಮುಗಿಸಿ 1 ಗಂಟೆಯ ಸುಮಾರಿಗೆ ಬಸ್ ಹಿಡಿದರೆ ಚಳಿಗಾಲದಲ್ಲೂ ಬೆಳಕಿರುವಾಗಲೇ ಮಂಗಳೂರಿನಲ್ಲಿರಬಹುದು. ನೋಡುವುದು ಪಟ್ಟಣದ ಬಸದಿಗಳನ್ನಷ್ಟೇ ಆದರೆ, ವಯಸ್ಸಾದವರನ್ನು ಕರೆದೊಯ್ಯುವ ಮನೆಯವರಿಗೆ ಈ ಜೋಡಣೆಯೇ ಹೆಚ್ಚು ಹಿತ.

ಹಾಡುವಳ್ಳಿಗೂ ಹೋಗಬೇಕೆಂದರೆ ಕಾರೇ ಸರಿ. ಸಂಗೀತಪುರವೆಂದು ಹೆಸರಾಗಿದ್ದ ಈ ಹಳೆಯ ರಾಜಧಾನಿ ಭಟ್ಕಳದಿಂದ ಒಳನಾಡಿಗೆ ಸುಮಾರು 20 ಕಿ.ಮೀ. ಇದೆ. 24 ತೀರ್ಥಂಕರರ ಬಿಂಬಗಳಿರುವ ಬಸದಿ ಇಲ್ಲಿಯದು. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕದೇವ ಇಲ್ಲಿನ ಮಠದ ಪರಂಪರೆಗೆ ಸೇರಿದವರು. ಬಸ್ಸು ನಂಬಿ ಹೋದರೆ ಅರ್ಧ ದಿನ ಕಾಯುವುದರಲ್ಲೇ ಕಳೆದೀತು. ಮಂಗಳೂರಿನಿಂದಲೇ ಕಾರು ತರುವುದು ಬೇಡವೆನ್ನುವವರು ಭಟ್ಕಳದಲ್ಲಿ ಇಳಿದು ಬಾಡಿಗೆ ವಾಹನ ಗೊತ್ತುಮಾಡಿಕೊಳ್ಳಬಹುದು. ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮೊದಲೇ ದರ ಮಾತಾಡಿಕೊಳ್ಳಬೇಕು.

ಕಾರಿನಲ್ಲಿ ಭಟ್ಕಳ ಸುಮಾರು ಮೂರು ಗಂಟೆಯ ದಾರಿ. ಹೆಜಮಾಡಿ, ಸಾಸ್ತಾನ ಮತ್ತು ಶಿರೂರಿನಲ್ಲಿ ಟೋಲ್ ಇದೆ. ಸುರತ್ಕಲ್‌ನದು 2022ರ ಡಿಸೆಂಬರ್‌ನಲ್ಲಿ ನಿಂತಿತು. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವುದರಿಂದ ಎಲ್ಲರೂ ಅಲ್ಲಿ ಇಳಿಯುತ್ತಾರೆ. ಹೋಗುವಾಗ ಇಳಿದರೆ ಚಿಂತೆಯಿಲ್ಲ, ಬರುವಾಗ ಇಳಿದರೆ ಊಟದ ಹೊತ್ತು ಜಾರುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು, ಭಟ್ಕಳಕ್ಕಿಂತ ಉತ್ತರಕ್ಕಿದೆ. ಟೋಲ್ ಇರುವ ಬೈಂದೂರು ಕಡೆಯ ಶಿರೂರಲ್ಲ. ಹಾಡುವಳ್ಳಿಯನ್ನೂ ಸೇರಿಸಿಕೊಂಡವರು ಮಂಗಳೂರಿಗೆ ಬಂದೇ ಊಟ ಎಂದುಕೊಳ್ಳಬಾರದು. 4 ಗಂಟೆಗೆ ಎಲ್ಲಿರುತ್ತಾರೋ ಅಲ್ಲೇ ಬುತ್ತಿ ಬಿಚ್ಚುವುದು ಕ್ಷೇಮ.

ದಾರಿಯ ಹೋಟೆಲುಗಳಲ್ಲಿ ಸಸ್ಯಾಹಾರ ಧಾರಾಳ, ಕಂದಮೂಲವಿಲ್ಲದ ಅಡುಗೆ ವಿರಳ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಕಡೆಯೂ ಪಲ್ಯಕ್ಕೆ ಆಲೂಗಡ್ಡೆ, ಸಾಂಬಾರಿಗೆ ಸುವರ್ಣಗೆಡ್ಡೆ ಬಿದ್ದಿರಬಹುದು, ಕೇಳಿಯೇ ಕೂರಬೇಕು. ಮನೆಯಿಂದ ಒಯ್ಯುವವರು ಆಹಾರದ ಮರ್ಯಾದೆಯನ್ನೂ ಲೆಕ್ಕ ಹಾಕಬೇಕು. ಅನ್ನ, ಸಾರಿಗೆ ಎರಡು ಪ್ರಹರ, ಚಪಾತಿ, ಪೂರಿಗೆ ನಾಲ್ಕು ಪ್ರಹರ ಎಂಬ ರೂಢಿಯಂತೆ ಬೆಳಿಗ್ಗೆ 4ಕ್ಕೆ ಮಾಡಿದ ಚಿತ್ರಾನ್ನ ಸಂಜೆಗೆ ಸಲ್ಲದು, ಚಪಾತಿ ಹಾಗೂ ಹೀಗೂ ಸಲ್ಲುತ್ತದೆ. ಸೋಸಿದ ನೀರಿನ ಅವಧಿ ಎರಡೇ ಘಳಿಗೆಯಾದ್ದರಿಂದ ಚೆನ್ನಾಗಿ ಕುದಿಸಿದ ನೀರನ್ನು ತಲೆಗೆರಡು ಲೀಟರಿನಂತೆ ಒಯ್ಯಬೇಕು. ಕರಾವಳಿಯ ಸೆಕೆಗೆ ಅದಕ್ಕಿಂತ ಕಡಿಮೆ ಸಾಲದು. ಅಭಿಷೇಕ, ಪೂಜೆ ಮಾಡಿಸುವ ಇಚ್ಛೆಯಿದ್ದವರು ಹೊರಡುವ ಮುನ್ನವೇ ಸ್ಥಳೀಯರಲ್ಲಿ ವಿಚಾರಿಸಿಕೊಂಡರೆ ಬಾಗಿಲ ಮುಂದೆ ಕಾಯುವುದು ತಪ್ಪುತ್ತದೆ.