ಕಾಣೆಯಾದ ತುಂಡು, ತಾಯಿಯ ಮೇಲೆ ದೂರು

ಕೋಲಾರ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ವಾಡಿಕೆ. ನರಸಾಪುರದಂಥ ಊರಿನಲ್ಲಿ ಬೆಳೆಯುವ ಮಗುವಿನ ರೆಪ್ಪೆ ಜೋತುಬಿದ್ದು, ಕಾಲು ಸೋತರೆ ಕೇಳಿಬರುವ ಮಾತು ಎರಡು: 'ಸಂಬಂಧದಲ್ಲಿ ಕೊಟ್ಟದ್ದಕ್ಕೇ ಹೀಗಾಯಿತು', ಇಲ್ಲವೇ 'ತಾಯಿ ಕಡೆಯ ದೋಷ'. ಈ ಲಕ್ಷಣಗಳ ಹಿಂದೆ ಇರಬಹುದಾದ ಒಂದು ಕಾಯಿಲೆಯ ಮಟ್ಟಿಗೆ ಎರಡೂ ಬಹುಮಟ್ಟಿಗೆ ತಪ್ಪು. ಅದನ್ನು ಅರಿಯಲು ವಿಜ್ಞಾನಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಅಮೆರಿಕದ ಮೇಯೊ ಕ್ಲಿನಿಕ್‌ನ ಥಾಮಸ್ ಕರ್ನ್ಸ್ ಮತ್ತು ಜಾರ್ಜ್ ಸೇಯರ್ 1958ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಕಣ್ಣುಗುಡ್ಡೆ ಹೊರಳದು, ಅಕ್ಷಿಪಟಲ ಕೆಟ್ಟಿದೆ, ಹೃದಯ ಬಡಿತದ ವಿದ್ಯುತ್ ಸಂಜ್ಞೆಗೆ ತಡೆ ಬಿದ್ದಿದೆ. ಕಣ್ಣಿಗೂ ಹೃದಯಕ್ಕೂ ಏನು ನಂಟು? ಆಗ ಯಾರಿಗೂ ತಿಳಿದಿರಲಿಲ್ಲ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಕಣಗಳಲ್ಲಿ ಪ್ರತ್ಯೇಕ ಡಿಎನ್‌ಎ ಇರುವುದನ್ನು 1963ರಲ್ಲಿ ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ತೋರಿಸಿದರು. 1981ರಲ್ಲಿ ಕೇಂಬ್ರಿಜ್‌ನವರು ಅದನ್ನು ಪೂರ್ತಿ ಓದಿದರು: ಉಂಗುರದಂತಿರುವ 16,569 ಅಕ್ಷರಗಳು, 37 ವಂಶವಾಹಿಗಳು. ಇದು ಮಗುವಿಗೆ ಬರುವುದು ತಾಯಿಯಿಂದ. ದೂರಿಗೆ ಬುಡ ಸಿಕ್ಕಿದಂತಾಯಿತು!

1988ರಲ್ಲಿ ಲಂಡನ್ನಿನ ಇಯಾನ್ ಹೋಲ್ಟ್, ಅನಿತಾ ಹಾರ್ಡಿಂಗ್ ಮತ್ತು ಜಾನ್ ಮಾರ್ಗನ್-ಹ್ಯೂಸ್ 25 ರೋಗಿಗಳ ಸ್ನಾಯು ಪರೀಕ್ಷಿಸಿದರು. ಒಂಬತ್ತು ಮಂದಿಯಲ್ಲಿ ಇಡೀ ಉಂಗುರಗಳ ಜೊತೆಗೆ ತುಂಡು ಕಳೆದುಕೊಂಡ ಉಂಗುರಗಳೂ ಇದ್ದವು. ಸುಮಾರು 7,000 ಅಕ್ಷರಗಳವರೆಗೂ ಮಾಯ. ರಕ್ತದಲ್ಲಿ ಮಾತ್ರ ಇದರ ಸುಳಿವಿರಲಿಲ್ಲ. ಕರ್ನ್ಸ್-ಸೇಯರ್ ಕಾಯಿಲೆಯ ಮೂಲವೂ ಇದೇ ಎಂಬುದು ಅದೇ ವರ್ಷ ಗೊತ್ತಾಯಿತು. ಒಂದೊಂದು ಕೋಶದಲ್ಲೂ ಇಂಥ ಉಂಗುರಗಳು ನೂರಾರು, ಸಾವಿರಾರು. ರಾಗಿ ರಾಶಿಯಲ್ಲಿ ಹಿಡಿ ಜೊಳ್ಳಿದ್ದರೆ ಮುದ್ದೆಗೆ ಕೊರತೆಯಿಲ್ಲ; ಜೊಳ್ಳೇ ಹೆಚ್ಚಾದರೆ ಊಟವಿಲ್ಲ. ಹೆಚ್ಚು ಶಕ್ತಿ ಬೇಡುವ ಕಣ್ಣು, ಹೃದಯ, ಸ್ನಾಯುಗಳೇ ಮೊದಲು ಸೋಲುತ್ತವೆ. (ವಯಸ್ಸಾದಂತೆ ನಮ್ಮೆಲ್ಲರ ಮಿದುಳಿನ ಕೆಲವು ಕೋಶಗಳಲ್ಲೂ ಇಂಥ ಜೊಳ್ಳು ಸೇರುತ್ತದೆ.)

ಹಾಗಾದರೆ ತಪ್ಪು ತಾಯಿಯದೇ? ಒಂದೇ ದೊಡ್ಡ ತುಂಡು ಕಳಚಿದ ರೋಗಿಗಳಿದ್ದ 226 ಕುಟುಂಬಗಳ ಅಧ್ಯಯನ 2004ರಲ್ಲಿ ಹೊರಬಂತು. ರೋಗಿಗಳ 251 ಒಡಹುಟ್ಟಿದವರಲ್ಲಿ ಒಬ್ಬರಿಗೂ ಕಾಯಿಲೆ ಇರಲಿಲ್ಲ. ತಾಯಿಗೇ ಕಾಯಿಲೆಯಿದ್ದಾಗ ಮಾತ್ರ ಅದು ಮಗುವಿಗೆ ಬರುವ ಸಂಭವವಿತ್ತು, ಅದೂ ಸುಮಾರು 24ಕ್ಕೆ ಒಂದು. ತುಂಡು ಕಳಚುವುದು ಬಹುತೇಕ ಅಂಡಾಣುವಿನಲ್ಲಿ ಅಥವಾ ಭ್ರೂಣದ ಆರಂಭದಲ್ಲಿ, ಆಕಸ್ಮಿಕವಾಗಿ. ಅದನ್ನು ತಡೆಯಲು ತಾಯಿ ಮಾಡಬಹುದಾದದ್ದು ಏನೂ ಇಲ್ಲ.

ಆದರೆ ಸಂಬಂಧದ ಮದುವೆಯನ್ನು ಸಾರಾಸಗಟಾಗಿ ಬಿಟ್ಟುಕೊಡುವಂತಿಲ್ಲ. ಕೋಶಕೇಂದ್ರದ 'ಪೋಲ್‌ಜಿ'ಯಂಥ ವಂಶವಾಹಿ ಕೆಟ್ಟಾಗಲೂ ಉಂಗುರಗಳಲ್ಲಿ ಹಲವು ಬಗೆಯ ತುಂಡುಗಳು ಕಳಚುತ್ತವೆ. ಆ ದೋಷ ತಂದೆತಾಯಿ ಇಬ್ಬರಿಂದಲೂ ಬರಬೇಕಾದ ಬಗೆಯದಾದರೆ ಹತ್ತಿರದ ನೆಂಟಸ್ತಿಕೆ ಅಪಾಯ ಹೆಚ್ಚಿಸುತ್ತದೆ. ಯಾವುದು ಯಾವುದೆಂದು ಮುಖ ನೋಡಿ ಹೇಳಲಾಗದು.

ಪರೀಕ್ಷೆಗೆ ನರಸಾಪುರದವರು ದೂರ ಹೋಗಬೇಕಿಲ್ಲ. ಹೆದ್ದಾರಿ ಹಿಡಿದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ಪಿ.ಎಸ್. ಬಿಂದು, ಎನ್. ಗಾಯತ್ರಿ ಮೊದಲಾದವರು ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಅವರೊಡನೆ ದಕ್ಷಿಣ ಭಾರತದ ಮೈಟೊಕಾಂಡ್ರಿಯ ರೋಗಿಗಳ ಬಗ್ಗೆ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ರಕ್ತದಲ್ಲಿ ಸುಳಿವು ಸಿಗದಿದ್ದರೆ ಸ್ನಾಯುವಿನ ಚೂರು ತೆಗೆಯಬೇಕಾಗುತ್ತದೆ. ಕಾಯಿಲೆ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಹೃದಯದ ತಡೆ ಇಸಿಜಿಯಲ್ಲಿ ಸಕಾಲಕ್ಕೆ ಕಂಡರೆ ಪೇಸ್‌ಮೇಕರ್ ಜೀವ ಉಳಿಸಬಲ್ಲದು. ಆ ಇಸಿಜಿಗೆ ಬೆಂಗಳೂರಿನವರೆಗೆ ಹೋಗುವುದೂ ಬೇಡ, ಕೋಲಾರದ ಜಿಲ್ಲಾ ಆಸ್ಪತ್ರೆ ಸಾಕು.